ಮನೇಲಿ ಗೊಂಗ್‌ಫು ಶೈಲಿಯ ಊಲಾಂಗ್ ಟೀ: ಎಲೆ ಜಾಸ್ತಿ, ನೀರು ಕಮ್ಮಿ, ಕೊನೇ ಹನಿವರೆಗೂ ಬಸೀರಿ

ಊಲಾಂಗ್ ಪ್ಯಾಕೆಟ್ ಯಾರೋ ಗಿಫ್ಟ್ ಕೊಟ್ಟಿರ್ತಾರೆ, ಇಲ್ಲಾ ನಾವೇ ಆಸೆಪಟ್ಟು ಆನ್‌ಲೈನಲ್ಲಿ ತರಿಸಿರ್ತೀವಿ, ಆಮೇಲೆ ದೊಡ್ಡ ಮಗ್‌ಗೆ ಒಂದು ಚಮಚ ಎಲೆ ಹಾಕಿ ಬಿಸಿನೀರು ಸುರಿದು ಐದು ನಿಮಿಷ ಬಿಟ್ಟು ಕುಡಿದ್ರೆ ಮೇಲೆ ನೀರುನೀರು, ತಳಕ್ಕೆ ಬರೋ ಹೊತ್ತಿಗೆ ಒಗರು. ತುಂಬಾ ಜನ ಅಲ್ಲಿಗೇ ಊಲಾಂಗ್ ಸಹವಾಸ ಬಿಟ್ಟುಬಿಡ್ತಾರೆ. ನನಗೆ ಬೇಜಾರಾಗೋದು ಇದಕ್ಕೇ, ಯಾಕಂದ್ರೆ ಆ ಎಲೇಲಿ ಇರೋದು ಒಂದು ಕಪ್ ಟೀ ಅಲ್ಲ, ಆರೇಳು ಕಪ್, ಅದೂ ಒಂದೊಂದು ಒಂದೊಂದು ರುಚಿ. ಅದನ್ನ ಹೊರಗೆ ತೆಗೆಯೋ ವಿಧಾನ ಊಲಾಂಗ್ ಹುಟ್ಟಿದ ಊರುಗಳಲ್ಲೇ ಇದೆ, ಅದರ ಹೆಸರು ಗೊಂಗ್‌ಫು ಚಾ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಚಾವೊಝೌ ಊರಿನ ಗೊಂಗ್‌ಫು ಚಾ 2008ರಲ್ಲಿ ಆ ದೇಶದ ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರ್ತು, 2022ರಲ್ಲಿ ಯುನೆಸ್ಕೊ ಚೀನಾದ ಸಾಂಪ್ರದಾಯಿಕ ಟೀ ತಯಾರಿಕೆ ಮತ್ತೆ ಅದರ ಸುತ್ತಲಿನ ಆಚರಣೆಗಳನ್ನ ತನ್ನ ಪಟ್ಟಿಗೆ ಸೇರಿಸ್ಕೊಳ್ತು. ಇಷ್ಟು ದೊಡ್ಡ ಹೆಸರು ಕೇಳಿ ಹೆದರ್ಕೋಬೇಡಿ, ಅಲ್ಲಿ ಇದು ಅಂಗಡಿ ಮುಂದೆ, ಮನೆ ಜಗಲೀಲಿ, ಆಫೀಸಲ್ಲಿ ದಿನಾ ನಡೆಯೋ ಕೆಲಸ. ನಮ್ಮ ಅಡುಗೆಮನೇಲೂ ಆರಾಮಾಗಿ ಮಾಡ್ಬಹುದು.

ಇಡೀ ವಿಧಾನದ ತಿರುಳು ಇಷ್ಟೇ: ಚಿಕ್ಕ ಪಾತ್ರೆ, ತುಂಬಾ ಎಲೆ, ಸ್ವಲ್ಪ ನೀರು, ಕೆಲವೇ ಸೆಕೆಂಡು ನೆನೆಸೋದು, ಪೂರ್ತಿ ಬಸಿಯೋದು, ಮತ್ತೆ ನೀರು ಹಾಕೋದು. ಇದರಲ್ಲಿ ಎಲ್ಲರೂ ಸೆಕೆಂಡು, ಡಿಗ್ರಿ ಅಂತ ತಲೆ ಕೆಡಿಸ್ಕೊಳ್ತಾರೆ, ಆದ್ರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಆ "ಪೂರ್ತಿ ಬಸಿಯೋದು" ಅನ್ನೋದೇ. ಎಲೆ ಮೇಲೆ ಎರಡು ಚಮಚ ನೀರು ಉಳಿದ್ರೂ ಅದು ಅಲ್ಲೇ ಕೂತು ಒಗರಾಗ್ತಾ ಇರತ್ತೆ, ಮುಂದಿನ ಸುತ್ತನ್ನ ಕೆಡಿಸತ್ತೆ.

ಈ ಎಲೆ ಯಾಕೆ ಹೀಗೆ

ನಾವು ದಿನಾ ಹಾಲು ಹಾಕಿ ಕುದಿಸೋ ಟೀಪುಡಿ ಸಿಟಿಸಿ, ಅಂದ್ರೆ ಮಷಿನ್‌ನಲ್ಲಿ ಎಲೆಯನ್ನ ಜಜ್ಜಿ, ಹರಿದು, ಉಂಡೆ ಮಾಡಿರೋದು, ಹಾಗಾಗಿ ಬಿಸಿನೀರು ಸೋಕಿದ ತಕ್ಷಣ ಬಣ್ಣ ಕಡಕ್ಕು ಎಲ್ಲಾ ಒಂದೇ ಸಲ ಬಿಟ್ಬಿಡತ್ತೆ. ಊಲಾಂಗ್ ಹಾಗಲ್ಲ, ಇಡೀ ಎಲೆ. ಕೊಯ್ದ ಎಲೆಯನ್ನ ಬಿಸಿಲಲ್ಲಿ ಬಾಡಿಸ್ತಾರೆ, ಆಮೇಲೆ ಬಿದಿರಿನ ತಟ್ಟೇಲೋ ಡ್ರಮ್‌ನಲ್ಲೋ ಮತ್ತೆ ಮತ್ತೆ ಅಲುಗಾಡಿಸ್ತಾರೆ, ಅಂಚು ಮಾತ್ರ ಕಂದಿ ಕೆಂಪಾಗತ್ತೆ, ಮಧ್ಯ ಹಸಿರಾಗೇ ಉಳಿಯತ್ತೆ, ಸರಿಯಾದ ಹೊತ್ತಿಗೆ ಬಿಸಿ ಬಾಣಲೇಲಿ ಹುರಿದು ಆ ಕ್ರಿಯೆಯನ್ನ ನಿಲ್ಲಿಸ್ತಾರೆ, ಆಮೇಲೆ ಹೊಸೆಯೋದು, ಒಣಗಿಸೋದು, ಕೆಲವಕ್ಕೆ ಇದ್ದಿಲ ಕೆಂಡದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಹುರಿಯೋದು. ಗ್ರೀನ್ ಟೀ ಅಲ್ಲ, ಪೂರ್ತಿ ಬ್ಲ್ಯಾಕ್ ಟೀನೂ ಅಲ್ಲ, ಎರಡರ ನಡುವೆ ಎಲ್ಲಿ ಬೇಕಾದ್ರೂ ನಿಲ್ಲಬಹುದು, ಅದಕ್ಕೇ ಒಂದು ಊಲಾಂಗ್ ಹೂವಿನ ಥರ ಇದ್ರೆ ಇನ್ನೊಂದು ಹುರಿದ ಬೀಜದ ಥರ ಘಮಘಮ ಅನ್ನತ್ತೆ. ಎಲೆ ಇಡಿಯಾಗಿರೋದ್ರಿಂದ ಒಳಗಿರೋದೆಲ್ಲ ಪದರಪದರವಾಗಿ ಬಿಡತ್ತೆ: ಮೊದಲು ವಾಸನೆ, ಆಮೇಲೆ ಮೈ (ಅಂದ್ರೆ ಬಾಯಿ ತುಂಬೋ ಗಟ್ಟಿತನ), ಕೊನೇಗೆ ತಣ್ಣನೆ ಸಿಹಿ. ಒಂದೇ ಮಗ್‌ನಲ್ಲಿ ಐದು ನಿಮಿಷ ನೆನೆಸಿದ್ರೆ ಈ ಪದರಗಳೆಲ್ಲ ಕಲಸಿಹೋಗತ್ತೆ.

ಯಾವುದು ತಗೋಬೇಕು

ಮೊದಲ ಸಲಕ್ಕೆ ನಾನು ಹೇಳೋದು ಟಿಯೆಗ್ವಾನ್‌ಯಿನ್. ಫುಜಿಯಾನ್ ಪ್ರಾಂತ್ಯದ ಆನ್‌ಶಿ ಕೌಂಟಿಯದ್ದು, ಚಿಕ್ಕ ಚಿಕ್ಕ ಗಟ್ಟಿ ಉಂಡೆಗಳ ಥರ ಇರತ್ತೆ, ಬಿಸಿನೀರಲ್ಲಿ ಬಿಚ್ಚಿಕೊಂಡಾಗ ನೋಡೋದೇ ಚಂದ. ಇದರಲ್ಲಿ ಎರಡು ಬಗೆ, ಒಂದು ಹಸಿರು ಬಣ್ಣದ್ದು, ಹೂವಿನ ಪರಿಮಳ. ಇನ್ನೊಂದು ಹುರಿದಿದ್ದು, ಬಣ್ಣ ಗಾಢ, ರುಚಿ ದುಂಡಗೆ. ನಮ್ಮ ನಾಲಿಗೆ ಫಿಲ್ಟರ್ ಕಾಫಿಗೆ ಒಗ್ಗಿರೋದ್ರಿಂದ ಹುರಿದಿದ್ದು ಬೇಗ ಹಿಡಿಸತ್ತೆ ಅಂತ ನನ್ನ ಅನಿಸಿಕೆ. ತೈವಾನಿನ ದಾಂಗ್‌ದಿಂಗ್, ಆಲಿಶಾನ್ ಕೂಡ ಇದೇ ಉಂಡೆ ಜಾತಿ, ಮಾಡೋ ರೀತೀನೂ ಒಂದೇ.

ಇನ್ನೊಂದು ಗುಂಪು ಉದ್ದುದ್ದ ತಿರುಚಿದ ಎಲೆಗಳದ್ದು. ಫುಜಿಯಾನಿನ ಉತ್ತರ ಭಾಗದಲ್ಲಿರೋ ವುಯಿ ಬೆಟ್ಟದ ಬಂಡೆಗಳ ನಡುವೆ ಬೆಳೆಯೋ ಬಂಡೆ ಟೀಗಳು, ದಾ ಹಾಂಗ್ ಪಾವ್, ರೊವ್ ಗ್ವೇ, ಶ್ವೇ ಶಿಯೆನ್. ಆಮೇಲೆ ಚಾವೊಝೌ ಹತ್ರ ಫೆಂಗ್‌ಹುವಾಂಗ್ ಬೆಟ್ಟದ ದಾನ್‌ತ್ಸಾಂಗ್‌ಗಳು, ಹೆಚ್ಚಿನವಕ್ಕೆ ಅದರ ಪರಿಮಳದ ಹೆಸರೇ ಇಟ್ಟಿರ್ತಾರೆ. ದಾ ಹಾಂಗ್ ಪಾವ್ ಅಂತ ಪ್ಯಾಕೆಟ್ ಮೇಲೆ ಬರೆದಿದ್ರೆ ಅದು ಈ ಟೀಯ ಮೂಲ ಅಂತ ಹೇಳೋ, ಬಂಡೆ ಸಂದಿಯ ಆ ಪ್ರಸಿದ್ಧ ಆರು ತಾಯಿಗಿಡಗಳದ್ದು ಅಂತ ಅಲ್ಲ, ಅವುಗಳ ಎಲೆ ಕೊಯ್ಯೋದನ್ನ 2006ರಿಂದ ನಿಲ್ಲಿಸಿದ್ದಾರೆ, ಈಗ ಮಾರೋದು ಹೆಚ್ಚಾಗಿ ವುಯಿ ಬೆಟ್ಟದ ಬೇರೆ ಬೇರೆ ಗಿಡಗಳ ಮಿಶ್ರಣ. ಮಿಶ್ರಣ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಒಳ್ಳೇ ಕೈ ಮಾಡಿದ ಮಿಶ್ರಣ ತುಂಬಾ ಸೊಗಸಾಗಿರತ್ತೆ, ಆದ್ರೆ ತಾಯಿಗಿಡದ ಕಥೆ ಹೇಳಿ ದುಬಾರಿ ರೇಟ್ ಹೇಳಿದ್ರೆ ಕೊಡ್ಬೇಡಿ.

ಡಾರ್ಜಿಲಿಂಗ್, ನೀಲಗಿರಿ ಕಡೆ ಮಾಡಿದ ಊಲಾಂಗ್ ಸಿಕ್ಕಿದ್ರೂ ಇದೇ ವಿಧಾನ ಬಳಸಬಹುದು, ಎಲೆ ಸ್ವಲ್ಪ ಕಮ್ಮಿ ಹಾಕಿ, ನೀರು ಒಂದು ಚೂರು ಆರಿಸಿ, ಯಾಕಂದ್ರೆ ಒಗರು ಬೇಗ ಬಿಡೋ ಚಾನ್ಸ್ ಇದೆ. ಯಾವುದಾದ್ರೂ ಸರಿ, ಮೊದಲು 50 ಗ್ರಾಂಗಿಂತ ಜಾಸ್ತಿ ತಗೋಬೇಡಿ.

ನೀರು

ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಚೀನಾದ ಟ್ಯಾಂಗ್ ರಾಜರ ಕಾಲದಲ್ಲಿ, ಲು ಯು ಅನ್ನೋ ಟೀ ಪಂಡಿತ ಬರೆದಿಟ್ಟಿದ್ದಾನೆ: ಬೆಟ್ಟದ ನೀರು ಉತ್ತಮ, ಹೊಳೆ ನೀರು ಮಧ್ಯಮ, ಬಾವಿ ನೀರು ಕಡೇದು. ಬೋರ್‌ವೆಲ್ ನೀರು ಕುಡಿಯೋ ಬಡಾವಣೆಗಳಲ್ಲಿ ಇರೋರಿಗೆ ಈ ಮಾತು ಬೇಗ ಅರ್ಥ ಆಗತ್ತೆ. ಗಡಸು ನೀರಲ್ಲಿ ಊಲಾಂಗ್ ಮಾಡಿದ್ರೆ ಪರಿಮಳ ಮುಚ್ಚಿಹೋಗತ್ತೆ, ಬಣ್ಣ ಮಂಕು, ಮೇಲೆ ತೆಳ್ಳಗೆ ಕೆನೆ ಥರ ಕಟ್ಟತ್ತೆ. ಹಾಗಂತ ಆರ್‌ಒ ನೀರು ಪರಿಹಾರ ಅಂತಾನೂ ಅಲ್ಲ, ಕೆಲವು ಮಷಿನ್‌ಗಳು ಖನಿಜ ಎಲ್ಲಾ ತೆಗೆದುಹಾಕಿ ಟೀ ಸಪ್ಪೆ ಮಾಡತ್ತೆ. ಬೆಂಗಳೂರು, ಮೈಸೂರಲ್ಲಿ ಕಾವೇರಿ ನೀರು ಬರೋ ಮನೆಯಾದ್ರೆ ಫಿಲ್ಟರ್ ಮಾಡಿದ ಆ ನೀರೇ ಚೆನ್ನಾಗಿದೆ, ಬೋರ್‌ವೆಲ್ ಮನೆಯಾದ್ರೆ ಆರ್‌ಒ ನೀರಿಗೆ ಕಾಲು ಭಾಗ ಮಾಮೂಲಿ ಕುಡಿಯೋ ನೀರು ಬೆರೆಸಿ ನೋಡಿ, ಇಲ್ಲಾ ಬೇರೆ ಬೇರೆ ಬಾಟಲ್ ನೀರಲ್ಲಿ ಒಂದೇ ಎಲೆ ಹಾಕಿ ಪಕ್ಕಪಕ್ಕ ಕುಡಿದು ನೋಡಿ, ವ್ಯತ್ಯಾಸ ನಾಲಿಗೆಗೇ ಗೊತ್ತಾಗತ್ತೆ.

ಬಿಸಿ ಎಷ್ಟಿರಬೇಕು? ಹುರಿದ ಊಲಾಂಗ್, ಬಂಡೆ ಟೀ ಇವಕ್ಕೆಲ್ಲ ಕುದಿಯೋ ನೀರೇ, ಒಲೆಯಿಂದ ಇಳಿಸಿದ ಹಾಗೇ ಸುರೀಬೇಕು. ಹಸಿರು ಬಗೆಯದ್ದಕ್ಕೆ 90ರಿಂದ 95 ಡಿಗ್ರಿ, ಅಂದ್ರೆ ಕುದಿ ನಿಂತ ಮೇಲೆ ಕೆಟಲ್ ಮುಚ್ಚಳ ತೆಗೆದು ಒಂದು ನಿಮಿಷ ಬಿಟ್ರೆ ಸಾಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿರೋದ್ರಿಂದ ಇಲ್ಲಿ ನೀರು ಕುದಿಯೋದೇ ಸುಮಾರು 97 ಡಿಗ್ರಿಗೆ, ಹಾಗಾಗಿ ಪ್ಯಾಕೆಟ್ ಮೇಲೆ 100 ಡಿಗ್ರಿ ಅಂತಿದ್ರೆ ಚಿಂತೆ ಬೇಡ, ಕುದಿಯುತ್ತಿದ್ದ ಹಾಗೇ ಸುರೀರಿ, ಒಂದೆರಡು ಸೆಕೆಂಡು ಜಾಸ್ತಿ ಬಿಡಿ ಅಷ್ಟೆ. ಮಂಗಳೂರಿನೋರಿಗೆ ಆ ತಾಪತ್ರಯ ಇಲ್ಲ.

ಪಾತ್ರೆ ಪಗಡ

ಒಂದೇ ಒಂದು ಸಾಮಾನಿಗೆ ದುಡ್ಡು ಹಾಕೋದಾದ್ರೆ ಗೈವಾನ್‌ಗೆ ಹಾಕಿ. ಮುಚ್ಚಳ ಇರೋ ಪಿಂಗಾಣಿ ಬಟ್ಟಲು, ಕೆಳಗೊಂದು ಸಾಸರ್. 100ರಿಂದ 120 ಎಂಎಲ್ ಸಾಕು, ದೊಡ್ಡದು ತಗೋಬೇಡಿ, ಅಂಚು ಹೊರಕ್ಕೆ ಚೆನ್ನಾಗಿ ಬಾಗಿರೋದನ್ನೇ ಆರಿಸಿ, ಬೆರಳು ಸುಡದೇ ಇರೋದು ಆ ಬಾಗಿದ ಅಂಚಿನಿಂದಲೇ. ಚೀನಾದ ಯಿಶಿಂಗ್ ಊರಿನ ಮಣ್ಣಿನ ಪುಟ್ಟ ಟೀಪಾಟ್ ನೋಡೋಕೆ ಆಸೆಯಾಗತ್ತೆ ನಿಜ, ಆದ್ರೆ ಅದಕ್ಕೆ ಹೊಳಪಿನ ಲೇಪ ಇರಲ್ಲ, ಟೀ ವಾಸನೆ ಹೀರ್ಕೊಳ್ಳತ್ತೆ, ಹಾಗಾಗಿ ಒಂದು ಪಾಟ್‌ಗೆ ಒಂದೇ ಜಾತಿ ಟೀ, ಸೋಪು ತಾಗಿಸೋ ಹಾಗಿಲ್ಲ, ಮೇಲಾಗಿ ನಕಲಿ ಮಾಲು ಬೇಕಾದಷ್ಟಿದೆ. ಪಿಂಗಾಣಿ ಏನನ್ನೂ ಹೀರಲ್ಲ, ಏನನ್ನೂ ಮುಚ್ಚಿಡಲ್ಲ, ಕಲಿಯೋರಿಗೆ ಅದೇ ಸರಿ.

ಬಸಿದು ಹಾಕ್ಕೊಳ್ಳೋಕೆ ಒಂದು ಗಾಜಿನ ಪುಟ್ಟ ಜಗ್ ಬೇಕು. ಎಲ್ಲಾ ಟೀ ಮೊದಲು ಅದಕ್ಕೆ, ಅಲ್ಲಿಂದ ಕಪ್‌ಗಳಿಗೆ, ಆಗ ಎಲ್ಲರಿಗೂ ಒಂದೇ ಕಡಕ್ಕು. 30-40 ಎಂಎಲ್‌ನ ಪುಟ್ಟ ಪಿಂಗಾಣಿ ಕಪ್ ಮೂರೋ ನಾಲ್ಕೋ. ಸ್ಟೀಲ್ ಲೋಟದಲ್ಲಿ ಮಾತ್ರ ಕುಡೀಬೇಡಿ, ತುಟಿ ಸುಡತ್ತೆ, ಪರಿಮಳಾನೂ ಕಟ್ಟಿಹೋಗತ್ತೆ. ಬಿದಿರಿನ ಟೀ ಟ್ರೇ ಬದಲು ಅಂಚಿರೋ ಅಗಲ ಸ್ಟೀಲ್ ತಟ್ಟೆ ಇಟ್ಕೊಳ್ಳಿ, ಚೆಲ್ಲೋ ನೀರೆಲ್ಲ ಅದಕ್ಕೆ. ಜೊತೆಗೆ ಒಂದು ಬಟ್ಟೆ, ತೊಳೆದ ನೀರು ಸುರಿಯೋಕೆ ಒಂದು ಬೋಗುಣಿ, ಕೆಟಲ್. ತೂಕದ ಪುಟ್ಟ ಸ್ಕೇಲ್ ಇದ್ರೆ ಶುರುವಿನಲ್ಲಿ ತುಂಬಾ ಸಹಾಯ.

ಶುರು ಮಾಡೋಣ

ಉಂಡೆ ಟಿಯೆಗ್ವಾನ್‌ಯಿನ್ ಇಟ್ಕೊಂಡು ಹೇಳ್ತೀನಿ, 100 ಎಂಎಲ್ ಗೈವಾನ್‌ಗೆ.

ನೀರು ಕುದಿಸಿ. ಮೊದಲು ಖಾಲಿ ಗೈವಾನ್‌ಗೆ, ಅಲ್ಲಿಂದ ಜಗ್‌ಗೆ, ಅಲ್ಲಿಂದ ಕಪ್‌ಗಳಿಗೆ ಬಿಸಿನೀರು ಸುರಿದು ಎಲ್ಲಾ ಬೆಚ್ಚಗೆ ಮಾಡಿ ಚೆಲ್ಲಿ. ಇದನ್ನ ಬಿಟ್ಟುಬಿಡೋಣ ಅನ್ಸತ್ತೆ, ಬಿಡಬೇಡಿ, ತಣ್ಣಗಿರೋ ಪಿಂಗಾಣಿ ನೀರಿನ ಬಿಸಿಯನ್ನ ಒಂದೇ ಕ್ಷಣದಲ್ಲಿ ಎಳ್ಕೊಂಡುಬಿಡತ್ತೆ, 100 ಎಂಎಲ್ ಅಂದ್ರೆ ಎಷ್ಟು ನೀರು ಮಹಾ.

ಆ ಬಿಸಿ ಗೈವಾನ್‌ಗೆ 6ರಿಂದ 7 ಗ್ರಾಂ ಎಲೆ ಹಾಕಿ. ಸ್ಕೇಲ್ ಇಲ್ಲದಿದ್ರೆ ಬಟ್ಟಲಿನ ತಳ ಮುಚ್ಚಿ ಕಾಲು ಭಾಗದಷ್ಟು ಬರೋ ಹಾಗೆ. ನೋಡೋಕೆ ಕಮ್ಮಿ ಅನ್ಸಿದ್ರೂ ಆಮೇಲೆ ಬಿಚ್ಚಿಕೊಂಡು ಮುಚ್ಚಳದವರೆಗೂ ಬರತ್ತೆ. ಆನ್‌ಶಿಯಿಂದ ಬರೋ ಚಿಕ್ಕ ಚಿಕ್ಕ ವ್ಯಾಕ್ಯೂಮ್ ಪ್ಯಾಕೆಟ್‌ಗಳಲ್ಲಿ ಹೆಚ್ಚಾಗಿ 7-8 ಗ್ರಾಂ ಇರತ್ತೆ, ಒಂದು ಪ್ಯಾಕೆಟ್ ಅಂದ್ರೆ ಒಂದು ಸಲದ್ದು. ಮುಚ್ಚಳ ಹಾಕಿ ಮೆಲ್ಲಗೆ ಎರಡು ಸಲ ಕುಲುಕಿ, ಮುಚ್ಚಳ ಸ್ವಲ್ಪ ಸರಿಸಿ ಮೂಸಿ ನೋಡಿ. ಬೆಚ್ಚಗಾದ ಒಣ ಎಲೆಯ ಈ ವಾಸನೆ ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟದ ಭಾಗ.

ಈಗ ತೊಳೆಯೋದು. ನೀರು ಸ್ವಲ್ಪ ಎತ್ತರದಿಂದ ಬಟ್ಟಲಿನ ಅಂಚಿಗೆ ಸುತ್ತಲೂ ಬೀಳೋ ಹಾಗೆ ಸುರೀರಿ, ಎಲೆ ಮಗುಚಿಕೊಳ್ಳತ್ತೆ, ಮೇಲೆ ನೊರೆ ಬರತ್ತೆ, ಮುಚ್ಚಳದ ಅಂಚಿನಿಂದ ಆ ನೊರೆ ಸವರಿ ತೆಗೆದು ಮುಚ್ಚಳಕ್ಕೆ ಸ್ವಲ್ಪ ಬಿಸಿನೀರು ಸುರಿದು ತೊಳೆದು ಮುಚ್ಚಿ, ಐದು ಸೆಕೆಂಡಿಗೆ ಪೂರ್ತಿ ಬಸಿದು ಚೆಲ್ಲಿ. ಇದು ಧೂಳು ಹೋಗೋಕೆ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಉಂಡೆ ಎಲೆ ಮೆತ್ತಗಾಗಿ ಬಿಚ್ಚಿಕೊಳ್ಳೋಕೆ ಶುರುವಾಗೋದು ಇಲ್ಲೇ, ಅದು ಇದರ ದೊಡ್ಡ ಉಪಯೋಗ. ಬಸಿದ ಮೇಲೆ ಮುಚ್ಚಳ ಹಾಕಿ ಅರ್ಧ ನಿಮಿಷ ಹಾಗೇ ಬಿಡಿ, ಒಳಗಿನ ಆವೀಲಿ ಎಲೆ ಸಡಿಲ ಆಗತ್ತೆ.

ಮೊದಲ ಸುತ್ತು: ನೀರು ಹಾಕಿ, ಅಂಚಿಗಿಂತ ಸ್ವಲ್ಪ ಕೆಳಗೇ ನಿಲ್ಲಿಸಿ, ತುಂಬಿ ತುಳುಕಿದ್ರೆ ಬೆರಳು ಸುಡೋದು ಗ್ಯಾರಂಟಿ. 15ರಿಂದ 20 ಸೆಕೆಂಡು. ಆಮೇಲೆ ಮುಚ್ಚಳವನ್ನ ಒಂದು ಕಡೆ ಸಣ್ಣ ಸಂದಿ ಬಿಡೋ ಹಾಗೆ ಓರೆ ಮಾಡಿ, ಹೆಬ್ಬೆರಳು ಮತ್ತೆ ನಡುಬೆರಳಲ್ಲಿ ಬಟ್ಟಲಿನ ಬಾಗಿದ ಅಂಚನ್ನ ಆಕಡೆ ಈಕಡೆ ಹಿಡಿದು, ತೋರುಬೆರಳನ್ನ ಮುಚ್ಚಳದ ಗುಬುಟಿನ ಮೇಲಿಟ್ಟು, ಜಗ್‌ಗೆ ನೆಟ್ಟಗೆ ಬಗ್ಗಿಸಿ. ಅನುಮಾನ ಮಾಡ್ತಾ ಅರ್ಧಂಬರ್ಧ ಬಗ್ಗಿಸಿದ್ರೆ ಬಿಸಿ ಆವಿ ಬೆರಳಿಗೇ ಬರತ್ತೆ, ಒಂದೇ ಸಲ ಪೂರ್ತಿ ಬಗ್ಗಿಸಿದ್ರೆ ಏನೂ ಆಗಲ್ಲ. ತಣ್ಣೀರಲ್ಲಿ ಪ್ರಾಕ್ಟೀಸ್ ಮಾಡ್ಕೊಳ್ಳಿ ಮೊದಲು. ಅನ್ನದ ಗಂಜಿ ಬಸಿಯೋವಾಗ ತಟ್ಟೆ ಓರೆ ಮಾಡಿ ಕೊನೇವರೆಗೂ ಕಾಯ್ತೀವಲ್ಲ, ಹಾಗೇ ಇಲ್ಲೂ ಕೊನೇ ಹನಿ ಬೀಳೋವರೆಗೂ ಹಿಡಿದಿರಬೇಕು, ಒಂದೆರಡು ಸಲ ಮೆಲ್ಲಗೆ ಕೊಡವಬೇಕು. ಬಸಿದ ಮೇಲೆ ಮುಚ್ಚಳ ಸ್ವಲ್ಪ ತೆರೆದಿಡಿ, ಇಲ್ಲದಿದ್ರೆ ಹಸಿರು ಎಲೆ ಒಳಗೇ ಬೆಂದು ಸೊಪ್ಪಿನ ವಾಸನೆ ಬರತ್ತೆ.

ಎರಡನೇದು 10ರಿಂದ 15 ಸೆಕೆಂಡು, ಅಂದ್ರೆ ಮೊದಲಿನದಕ್ಕಿಂತ ಕಮ್ಮಿ, ಯಾಕಂದ್ರೆ ಈಗ ಎಲೆ ತೆರೆದುಕೊಂಡಿದೆ, ಬೇಗ ಬಿಡತ್ತೆ. ಮೂರನೇದು 15, ನಾಲ್ಕನೇದು 20, ಐದನೇದು 30, ಆರನೇದು 45, ಏಳನೇದು ಒಂದು ನಿಮಿಷದ ಮೇಲೆ. ಒಳ್ಳೇ ಎಲೆಯಾದ್ರೆ ಎಂಟರವರೆಗೂ ಹೋಗತ್ತೆ, ಕೊನೆಕೊನೇಗೆ ಬರೀ ಸಿಹಿ ನೀರಿನ ಥರ. ನನಗೆ ಯಾವಾಗಲೂ ಮೂರನೇದೇ ತುಂಬಾ ಚೆನ್ನಾಗಿ ಕಾಣೋದು, ಪರಿಮಳ ಇನ್ನೂ ಹೋಗಿರಲ್ಲ, ಮೈಯೂ ಬಂದಿರತ್ತೆ.

ಉದ್ದ ಎಲೆಯ ಬಂಡೆ ಟೀ, ದಾನ್‌ತ್ಸಾಂಗ್ ಆದ್ರೆ ಲೆಕ್ಕ ಬೇರೆ. ಎಲೆ 7-8 ಗ್ರಾಂ, ಒಣ ಎಲೇನೇ ಬಟ್ಟಲಿನ ಮುಕ್ಕಾಲು ತುಂಬತ್ತೆ, ನೋಡಿ ಗಾಬರಿಯಾಗ್ಬೇಡಿ. ಕುದಿಯೋ ನೀರು, ತೊಳೆಯೋದು ಹಾಕಿದ ತಕ್ಷಣ ಬಸಿದು, ಆಮೇಲೆ ಮೊದಲ ಮೂರು ಸುತ್ತು ಐದೈದು ಎಂಟೆಂಟು ಸೆಕೆಂಡು ಅಷ್ಟೇ, ಹಾಕು-ಬಸಿ ಹಾಕು-ಬಸಿ. ಆಮೇಲೆ ನಿಧಾನಕ್ಕೆ 12, 20, 30 ಅಂತ ಏರಿಸ್ಕೊಂಡು ಹೋಗಿ. ದಾನ್‌ತ್ಸಾಂಗ್ ಸ್ವಲ್ಪ ಸಿಡುಕು ಸ್ವಭಾವದ್ದು, ಹತ್ತು ಸೆಕೆಂಡು ಜಾಸ್ತಿ ಬಿಟ್ರೂ ಕಹಿ ತೋರಿಸತ್ತೆ, ಅದಕ್ಕೇ ಅದನ್ನ ಕೈ ಪಳಗಿದ ಮೇಲೆ ತಗೊಳ್ಳಿ.

ನಾಲಿಗೆ ಹೇಳಿದ ಹಾಗೆ ಬದಲಾಯಿಸೋದು

ಮೇಲೆ ಕೊಟ್ಟ ನಂಬರ್‌ಗಳು ಶುರು ಮಾಡೋಕೆ ಮಾತ್ರ. ಕುಡಿದಾಗ ನಾಲಿಗೆ ಒಣಗಿದ ಹಾಗೆ, ಹಿಡಿದ ಹಾಗೆ ಆದ್ರೆ ಮುಂದಿನ ಸುತ್ತಿನ ಸೆಕೆಂಡು ಕಮ್ಮಿ ಮಾಡಿ, ನೀರಿನ ಬಿಸಿ ಕಮ್ಮಿ ಮಾಡೋದು ಎರಡನೇ ಉಪಾಯ. ಸಪ್ಪೆ ಅನ್ಸಿದ್ರೆ ಹೊತ್ತು ಜಾಸ್ತಿ ಮಾಡೋ ಮೊದಲು ನೀರು ನಿಜವಾಗ್ಲೂ ಬಿಸಿ ಇದೆಯಾ ನೋಡಿ, ಮಾತಾಡ್ತಾ ಕೂತಾಗ ಕೆಟಲ್ ಆರಿಹೋಗಿರತ್ತೆ, ಎರಡು ಸುತ್ತಿಗೊಂದು ಸಲ ಮತ್ತೆ ಕುದಿಸ್ಕೊಳ್ಳಿ. ಪರಿಮಳ ಚೆನ್ನಾಗಿದೆ ಆದ್ರೆ ಬಾಯಲ್ಲಿ ಏನೂ ನಿಲ್ತಿಲ್ಲ ಅಂದ್ರೆ ನಾಳೆ ಒಂದು ಗ್ರಾಂ ಎಲೆ ಜಾಸ್ತಿ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಗ ಯಾವುದರಿಂದ ಏನಾಯ್ತು ಅಂತ ಗೊತ್ತಾಗತ್ತೆ.

ಕುಡಿಯೋದೂ ಸ್ವಲ್ಪ ಸದ್ದು ಮಾಡಿ ಸೊರ್ ಅಂತ ಎಳೆದು ಕುಡೀರಿ, ಗಾಳಿ ಸೇರಿದ್ರೆ ಪರಿಮಳ ಮೂಗಿಗೆ ಏರತ್ತೆ. ಖಾಲಿಯಾದ ಬಿಸಿ ಕಪ್ಪನ್ನೂ ಮೂಸಿ ನೋಡಿ, ಅಲ್ಲಿ ಉಳಿದಿರೋ ವಾಸನೆ ಟೀಗಿಂತ ಸಿಹಿಯಾಗಿರತ್ತೆ. ತೈವಾನಿನೋರು ಇದಕ್ಕೇ ಅಂತ ಎತ್ತರದ ಪುಟ್ಟ ಕಪ್ ಬೇರೆ ಇಟ್ಕೊಂಡಿರ್ತಾರೆ. ಹಾಲು ಸಕ್ಕರೆ ಯಾವುದೂ ಬೇಡ, ಜೊತೆಗೆ ಹುರಿದ ಕಡ್ಲೆಬೀಜ ಇದ್ರೆ ಚೆನ್ನಾಗಿ ಹೊಂದತ್ತೆ, ಖಾರ ಇರೋ ಮಿಕ್ಸ್ಚರ್ ಮಾತ್ರ ಬೇಡ, ನಾಲಿಗೆ ಅಲ್ಲಿಗೆ ಮುಗೀತು.

ಚಾವೊಝೌನಲ್ಲಿ ಜಗ್ಗೇ ಇಟ್ಕೊಳ್ಳಲ್ಲ. ನಾಲ್ಕು ಜನ ಇದ್ರೂ ಐದು ಜನ ಇದ್ರೂ ಕಪ್ ಮೂರೇ, ತ್ರಿಕೋನವಾಗಿ ತಾಗಿಸಿ ಇಟ್ಟು, ಪಾತ್ರೆಯನ್ನ ತಗ್ಗಿನಲ್ಲೇ ಹಿಡಿದು ಮೂರರ ಮೇಲೂ ಸುತ್ತು ಸುತ್ತು ಬರ್ತಾ ಸುರೀತಾರೆ, ಇದಕ್ಕೆ "ಗ್ವಾನ್ ಗೊಂಗ್ ಊರು ಸುತ್ತೋದು" ಅಂತ ಹೆಸರು, ಗ್ವಾನ್ ಗೊಂಗ್ ಅಂದ್ರೆ ಅವರು ಗುಡಿ ಕಟ್ಟಿ ಪೂಜೆ ಮಾಡೋ ಪುರಾತನ ಸೇನಾಪತಿ. ಕೊನೇಗೆ ಉಳಿದ ಗಟ್ಟಿ ಹನಿಗಳನ್ನ ಒಂದೊಂದು ಕಪ್‌ಗೂ ಒಂದೊಂದಾಗಿ ಹಂಚ್ತಾರೆ, ಅದು "ಹಾನ್ ಶಿನ್ ಸೈನಿಕರನ್ನ ಎಣಿಸೋದು", ಈತ ಹಾನ್ ರಾಜವಂಶ ಕಟ್ಟೋಕೆ ನೆರವಾದ ಇನ್ನೊಬ್ಬ ಸೇನಾಪತಿ. ಕೊನೇ ಹನಿ ಪಾತ್ರೇಲಿ ಉಳಿಯಬಾರದು, ಯಾರಿಗೂ ತೆಳು ಟೀ ಸಿಗಬಾರದು, ಎರಡೂ ಒಂದೇ ಕೈಚಲನೇಲಿ ಆಗತ್ತೆ. ಕಪ್ ಪೂರ್ತಿ ತುಂಬಬಾರದು, ಹತ್ತರಲ್ಲಿ ಏಳು ಭಾಗ ಸಾಕು, ತುಂಬಿ ತುಳುಕೋ ಹಾಗೆ ಟೀ ಕೊಟ್ರೆ ಅತಿಥಿಗೆ ಅವಮಾನ ಅಂತ ಅಲ್ಲಿನ ನಂಬಿಕೆ, ಕೈ ಸುಡತ್ತೆ ಅನ್ನೋದೂ ನಿಜಾನೇ. ಟೀ ಹಾಕಿಸ್ಕೊಂಡೋರು ಎರಡು ಬೆರಳಲ್ಲಿ ಟೇಬಲ್ ಮೇಲೆ ಮೆಲ್ಲಗೆ ತಟ್ಟಿ ಥ್ಯಾಂಕ್ಸ್ ಹೇಳ್ತಾರೆ.

ಮುಗಿದ ಮೇಲೆ

ಎಲೆಯನ್ನ ತಕ್ಷಣ ಕಸಕ್ಕೆ ಹಾಕ್ಬೇಡಿ. ಒಂದು ಬಿಳಿ ಬಟ್ಟಲಿನ ನೀರಲ್ಲಿ ತೇಲಿಬಿಟ್ಟು ಬಿಡಿಸಿ ನೋಡಿ. ಎಲೆ ಇಡಿಯಾಗಿದ್ದು, ಮುಟ್ಟಿದ್ರೆ ಮೆತ್ತಗೆ, ಅಂಚಲ್ಲಿ ಕೆಂಪು ಛಾಯೆ ಇದ್ರೆ ಒಳ್ಳೇದು, ಎಲ್ಲಾ ಚೂರುಚೂರು, ಕಪ್ಪಗೆ ಸುಟ್ಟು ಬಿಚ್ಚಿಕೊಳ್ಳದೇ ಇದ್ರೆ ಮುಂದಿನ ಸಲ ಬೇರೆ ಅಂಗಡಿ ನೋಡಿ. (ಈಗಿನ ಕೆಲವು ಹಸಿರು ಟಿಯೆಗ್ವಾನ್‌ಯಿನ್‌ಗಳಲ್ಲಿ ಕೆಂಪು ಅಂಚನ್ನ ಬೇಕಂತಲೇ ಉದುರಿಸಿರ್ತಾರೆ, ಅದಕ್ಕೆ ಅಂಚು ಹರಿದ ಹಾಗೆ ಕಂಡ್ರೆ ತಪ್ಪು ತಿಳ್ಕೋಬೇಡಿ.) ನಾಲ್ಕೈದು ಸುತ್ತಿಗೇ ಸಾಕಾಗಿ ಎಲೇಲಿ ಇನ್ನೂ ಸತ್ವ ಇದೆ ಅನ್ಸಿದ್ರೆ ಅರ್ಧ ಲೀಟರ್ ತಣ್ಣೀರಿಗೆ ಹಾಕಿ ಫ್ರಿಜ್‌ನಲ್ಲಿಡಿ, ಬೆಳಗ್ಗೆ ಸೋಸ್ಕೊಂಡು ಕುಡೀರಿ, ಬೇಸಿಗೇಲಿ ಎಷ್ಟು ಹಿತವಾಗಿರತ್ತೆ ಅಂದ್ರೆ.

ಖಾಲಿ ಹೊಟ್ಟೇಲಿ ಮಾಡ್ಬೇಡಿ. ಕಪ್ ಚಿಕ್ಕದಾದ್ರೂ ಏಳು ಗ್ರಾಂ ಎಲೆಯ ಕೆಫೀನ್ ಒಬ್ಬರ ಹೊಟ್ಟೆಗೇ ಹೋದ್ರೆ ಕೈ ನಡುಗೋದು, ತಲೆ ತಿರುಗೋದು, ವಾಕರಿಕೆ ಎಲ್ಲಾ ಆಗತ್ತೆ, ಹಾಗಾದ್ರೆ ಒಂದು ಬಾಳೆಹಣ್ಣೋ ಬೆಲ್ಲವೋ ತಿನ್ನಿ. ಒಬ್ಬರೇ ಇದ್ರೆ 60 ಎಂಎಲ್‌ನ ಚಿಕ್ಕ ಗೈವಾನ್‌ಗೆ 4 ಗ್ರಾಂ ಸಾಕು. ಸಂಜೆ ಆರರ ಮೇಲೆ ನಿದ್ದೆ ಕೆಡೋರು ಬಿಟ್ಟುಬಿಡಿ.

ಉಳಿದ ಎಲೆ ಇಡೋದು: ಹಸಿರು ಬಗೆಯದ್ದನ್ನ ಗಾಳಿಯಾಡದ ಹಾಗೆ ಕಟ್ಟಿ ಫ್ರಿಜ್‌ನಲ್ಲಿ, ಆದ್ರೆ ಹೊರಗೆ ತೆಗೆದ ಮೇಲೆ ಪ್ಯಾಕೆಟ್ ರೂಮಿನ ಬಿಸಿಗೆ ಬರೋವರೆಗೂ ಬಿಚ್ಚಬೇಡಿ, ತೇವ ಒಳಗೆ ಸೇರತ್ತೆ. ಹುರಿದಿದ್ದಕ್ಕೆ ಫ್ರಿಜ್ ಬೇಡ, ಬಿಗಿ ಮುಚ್ಚಳದ ಡಬ್ಬಿ ಸಾಕು. ಸಾಂಬಾರ್ ಪುಡಿ, ಇಂಗು ಇರೋ ಶೆಲ್ಫಿನಲ್ಲಿ ಮಾತ್ರ ಇಡಬೇಡಿ, ಮಳೆಗಾಲದಲ್ಲಂತೂ ಮಲೆನಾಡು, ಕರಾವಳಿ ಕಡೆಯೋರು ಡಬ್ಬಿ ಒಳಗೆ ಇನ್ನೊಂದು ಝಿಪ್ ಕವರ್ ಹಾಕಿ ಇಡಿ, ತೇವ ಹಿಡಿದ ಊಲಾಂಗ್‌ನ ಪರಿಮಳ ಪೂರ್ತಿ ವಾಪಸ್ ಬರಲ್ಲ.